ಗಾಡಿ ಕೂಗಿರೆ ಕೆಮಿ ಕೊಡೆಕ್ಕು



ಕಳುದ ಆಟಿ ತಿಂಗಳಿಲಿ ಎಂಗಳ ಮನೆಲಿ ಒಂದು ಚರ್ಚೆ ಸುರುವಾತು. ಬೊಬ್ಬೆ ಹೊಡವ ಜಗಳ ಅಲ್ಲ. ಕಾರಿಲಿ ಹೋಪಗ ಆನು "ಎಂತದೋ ಶಬ್ದ ಬತ್ತನ್ನೆ" ಹೇಳುದು, ಇವು "ಎಂತದೂ ಇಲ್ಲೆ, ಮಾರ್ಗ ಸರಿ ಇಲ್ಲೆ, ಅಷ್ಟೆ" ಹೇಳುದು. ಎರಡು ತಿಂಗಳು ಇದುವೇ ಆತು. ಅಕೇರಿಗೆ ಎಂತಾತು ಹೇಳಿ ಕಡೇಂಗೆ ಹೇಳ್ತೆ. ಆ ಶಬ್ದದ ಹಿಂದೆ ಹೋಗಿ ಹೋಗಿ ಎನಗೆ ನಮ್ಮ ಊರಿನ ಮಾರ್ಗಲ್ಲಿ ನೂರು ವರ್ಷಂದ ಓಡಿದ ಶಬ್ದಂಗೊ ಎಲ್ಲ ನೆಂಪಾತು. ಅಜ್ಜಿ ಹೇಳಿದ್ದು, ಅಬ್ಬೆ ಹೇಳಿದ್ದು, ಆನೇ ಕೇಳಿದ್ದು, ರಜ್ಜ ಓದಿ ತಿಳ್ಕೊಂಡದು, ಎಲ್ಲ ಸೇರ್ಸಿ ಬರೆತ್ತೆ. ರಾಜರ ಚರಿತ್ರೆ ಬರವಲೆ ಬೇರೆ ಜೆನ ಇದ್ದವು. ಗಾಡಿಗಳ ಗಡಗಡದ ಚರಿತ್ರೆ ನಾವೇ ಬರೆಕ್ಕಷ್ಟೆ.

ವಾಮದಪದವು ಹೇಳಿರೆ ಹೆಸರಿಲೇ ಪದವು ಇದ್ದು. ಮುರಕಲ್ಲಿನ ಬಯಲು, ಶಬ್ದಕ್ಕೆ ಅಡ್ಡ ಎಂತದೂ ಇಲ್ಲೆ. ಗಾಡಿ ಪುಂಜಾಲಕಟ್ಟೆ ಹೊಡೆಂದ ಬತ್ತೋ, ಸಿದ್ಧಕಟ್ಟೆ ಹೊಡೆಂದ ಬತ್ತೋ ಹೇಳಿ ಜಾಲಿಲಿ ಅಡಕ್ಕೆ ಹರಗಿಂಡು ಇಪ್ಪಗಳೇ ಗೊಂತಕ್ಕು ಹೇಳಿ ಅಜ್ಜಿ ಹೇಳುಗು. ಅಜ್ಜಿಯ ಸಣ್ಣಾದಿಪ್ಪಗ ಬಪ್ಪದು ಎತ್ತಿನ ಗಾಡಿ ಮಾಂತ್ರ. ಬಂಟ್ವಾಳ ಆ ಕಾಲಲ್ಲಿ ದೊಡ್ಡ ವ್ಯಾಪಾರದ ಪೇಟೆ. ಘಟ್ಟಂದ ಇಳುದ ಸಾಮಾನು ಅಲ್ಲಿ ಓಡಕ್ಕೆ ಹತ್ತಿ ನೇತ್ರಾವತಿಲಿ ಕೊಡೆಯಾಲಕ್ಕೆ ಹೋಕು. ಹಾಂಗಾಗಿ ನಮ್ಮ ಹೊಡೆಯ ಅಕ್ಕಿ, ಅಡಕ್ಕೆ ಗಾಡಿಗೊ ಎಲ್ಲ ಬಂಟ್ವಾಳದ ದಿಕ್ಕಿಂಗೇ.

ಆ ಗಾಡಿಯ ಚಕ್ರ ಮರದ್ದು, ಅದರ ಸುತ್ತ ಕಬ್ಬಿಣದ ಪಟ್ಟಿ. ಮುರಕಲ್ಲಿನ ಮೇಲೆ ಕಬ್ಬಿಣ ಉರುಳಿರೆ ಹೇಂಗಿಕ್ಕು ಹೇಳಿ ನಿಂಗಳೇ ಗ್ರೇಶಿ. ಅದರೊಟ್ಟಿಂಗೆ ಅಚ್ಚಿನ ಶಬ್ದ. ಕೀಲೆಣ್ಣೆ ಒಣಗಿತ್ತೋ, 'ಕುಂಯ್ ಕುಂಯ್' ಹೇಳಿ ಊರಿಡೀ ಕೇಳ್ತ ಹಾಂಗೆ ಕೂಗುಗು. "ಗಾಡಿ ಕೂಗಿರೆ ಎತ್ತಿಂಗೆ ಭಾರ" ಹೇಳಿ ಅಜ್ಜ° ಹೇಳುಗಡ. ಎಷ್ಟು ಸತ್ಯದ ಮಾತು ನೋಡಿ. ಶಬ್ದ ಹೇಳಿರೆ ಎಲ್ಲಿಯೋ ಎಂತದೋ ಉದ್ದಿಂಡು, ತಾಗಿಂಡು, ಸವದೊಂಡು ಇದ್ದು ಹೇಳಿ ಲೆಕ್ಕ. ಅದೇ ಎತ್ತಿನ ಕೊರಳಿನ ಗಂಟೆ ಬೇರೆ ಜಾತಿ. ಅದು ಬೇಕು ಹೇಳಿಯೇ ಕಟ್ಟಿದ ಶಬ್ದ, ಕಸ್ತಲೆಲಿ ಎದುರಂದ ಬಪ್ಪವಕ್ಕೆ ಗೊಂತಪ್ಪಲೆ. ಬೇಡದ್ದ ಶಬ್ದ, ಬೇಕಾಗಿ ಮಡುಗಿದ ಶಬ್ದ, ಈ ಎರಡರ ನೆಂಪಿಲಿ ಮಡುಗಿಗೊಳ್ಳಿ. ಮುಂದೆ ಬೇಕಾವುತ್ತು.

ಗಡಗಡ ತಡವಲೆಡಿಯದ್ದೆ ಒಂದು ದೊಡ್ಡ ಸಂಗತಿ ಹುಟ್ಟಿದ್ದುದೆ ಇದ್ದು. ಐರ್ಲೆಂಡಿನ ಬೆಲ್‌ಫಾಸ್ಟಿಲಿ ಜಾನ್ ಬಾಯ್ಡ್ ಡನ್ಲಪ್ ಹೇಳಿ ದನಗಳ ಡಾಕ್ಟರು ಇತ್ತಿದ್ದವು. ಅವರ ಮಗ° ಮೂರು ಚಕ್ರದ ಸೈಕಲ್ಲಿನ ಕಲ್ಲು ಹಾಸಿದ ಮಾರ್ಗಲ್ಲಿ ಬಿಟ್ಟರೆ ಮೈ ಇಡೀ ಕುಲುಕ್ಕುಗು. ಅಪ್ಪ° ರಬ್ಬರಿನ ನಳಗೆಯ ಒಳ ಗಾಳಿ ತುಂಬ್ಸಿ ಚಕ್ರಕ್ಕೆ ಸುತ್ತಿದ°. 1888ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಇಂದು ನಾವು ಕೂಪ ಬಸ್ಸು, ಕಾರು, ಸ್ಕೂಟರು ಎಲ್ಲದರ ಅಡಿಲಿ ಇಪ್ಪದು ಆ ಮಗನ ಸೈಕಲ್ಲಿನ ಗಾಳಿಯೇ. ನಮ್ಮೂರಿನ ಎತ್ತಿನ ಗಾಡಿಗೆ ಟಯರು ಬಂದದು ತುಂಬ ತಡವಾಗಿ. ಟಯರಿನ ಗಾಡಿ ಬಂದ ಮತ್ತೆ ಗಂಟೆಯ ಶಬ್ದ ಮಾಂತ್ರ ಒಳುದತ್ತು ಹೇಳಿ ಅಬ್ಬೆ ಹೇಳ್ತು.

ಮೋಟಾರು ಬಂದ ಕತೆ ನಮ್ಮ ಬಂಟ್ವಾಳಂದಲೇ ಸುರು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಜೆನಂಗಳ ಬಾಯಿಲಿ ಸಿ.ಪಿ.ಸಿ., ಕೊಡೆಯಾಲಕ್ಕೂ ಬಂಟ್ವಾಳಕ್ಕೂ ಎಡೆಲಿ ಬಸ್ಸು ಬಿಟ್ಟತ್ತು. ನಾವು ಆವಗ ಮದ್ರಾಸು ಪ್ರಾಂತ್ಯದವು. ಜಿಲ್ಲೆಯ ಬಸ್ಸಿನ ಚರಿತ್ರೆ ಹೇಳಿರೆ ಆ ಮಾರ್ಗಂದಲೇ ಲೆಕ್ಕ. ಮತ್ತೆ ಒಂದೊಂದೇ ಊರಿಂಗೆ ಬಸ್ಸು ಏರಿತ್ತು. ಕೆಂಪು ಮಣ್ಣಿನ ಮಾರ್ಗ, ಮಳೆಗಾಲಲ್ಲಿ ಕೆಸರು, ಬೇಸಗೆಲಿ ಧೂಳು. ಬಸ್ಸಿನ ಮೈ ಮರದ್ದು, ಮೊಳೆ, ಬೋಲ್ಟು ಹಾಕಿ ಬಿಗುದ್ದು. ಒಂದು ವರ್ಷ ಓಡುವಗ ಎಲ್ಲ ಬೋಲ್ಟುದೆ ಮಾತಾಡ್ಲೆ ಸುರುಮಾಡುಗು.

ಎರಡನೇ ಮಹಾಯುದ್ಧದ ಕಾಲಲ್ಲಿ ಪೆಟ್ರೋಲಿಂಗೆ ರೇಶನು. ಬಸ್ಸುಗೊ ಇದ್ದಿಲಿನ ಗ್ಯಾಸಿಲಿ ಓಡಿದವು. ಬಸ್ಸಿನ ಹಿಂದೆ ಡ್ರಮ್ಮಿನ ಹಾಂಗಿಪ್ಪ ಒಲೆ. ಹೆರಡುವ ಮದಲು ಕ್ಲೀನರು ಕೂದೊಂಡು ಗಾಳಿ ಚಕ್ರ ತಿರುಗ್ಸೆಕ್ಕು. ಅಜ್ಜಿಗೆ ಆಗ ಮದುವೆ ಆಗಿ ರಜ್ಜ ಸಮಯ ಆದ್ದಷ್ಟೆ. ಅಪ್ಪನ ಮನೆಗೆ ಹೋಪಗ ಚಡಾವು ಬಂದರೆ ಬಸ್ಸು ಏದುಸಿರು ಬಿಟ್ಟೊಂಡು ನಿಂಗಡ. ಗೆಂಡುಮಕ್ಕೊ ಎಲ್ಲ ಇಳುದು ನೂಕೆಕ್ಕು. "ಆ ಬಸ್ಸಿಂಗೆ ದಮ್ಮು ಇತ್ತು ಕೂಸೇ, ಉಸುಲು ಕೇಳಿರೆ ಪಾಪ ಕಾಂಗು" ಹೇಳಿ ಅಜ್ಜಿ ನೆಗೆ ಮಾಡುಗು.

ಯುದ್ಧ ಮುಗುದು ಸ್ವಾತಂತ್ರ್ಯ ಬಂದ ಕಾಲಲ್ಲಿ ಮಹೀಂದ್ರದವು ಬೊಂಬಾಯಿಲಿ ಜೀಪು ಜೋಡ್ಸುಲೆ ಸುರುಮಾಡಿದವು. ಎನ್ನ ಸಣ್ಣಾದಿಪ್ಪಗ ಸರ್ವಿಸು ಜೀಪೇ ನಮ್ಮ ಕಾರು. ಹತ್ತು ಜೆನಕ್ಕಿಪ್ಪ ಜಾಗೆಲಿ ಇಪ್ಪತ್ತು ಜೆನ. ಹಿಂದಾಣ ಬಾಗಿಲಿನ ಸಂಕೋಲೆ 'ಛಣ ಛಣ', ಟರ್ಪಾಲು 'ಪಟ ಪಟ', ಅಡಿಂದ ಪ್ಲೇಟು ಸ್ಪ್ರಿಂಗಿನ 'ಕಿರ್ರ್'. ಪ್ಲೇಟು ಸ್ಪ್ರಿಂಗ್ ಹೇಳಿರೆ ಉಕ್ಕಿನ ಉದ್ದ ಪಟ್ಟಿಗಳ ಒಂದರ ಮೇಲೆ ಒಂದು ಅಟ್ಟಿ ಮಡುಗಿ ಕಟ್ಟಿದ್ದು. ಗುಂಡಿಗೆ ಬಿದ್ದಪ್ಪಗ ಪಟ್ಟಿಗೊ ಒಂದಕ್ಕೊಂದು ಉದ್ದುತ್ತವು, ಆ ಉದ್ದಾಣಂದಲೇ ಕುಲುಕ್ಕಾಣ ಕಮ್ಮಿ ಅಪ್ಪದು. ಹಾಂಗಾಗಿ ಅದು ರಜ್ಜ ಕಿರ್ರ್ ಹೇಳದ್ದೆ ಇರ. ಕೊಡೆಯಾಲಲ್ಲಿ ವಿ.ಎಸ್. ಕುಡ್ವರು ಕಟ್ಟಿದ ಕೆನರಾ ವರ್ಕ್‌ಶಾಪ್ಸಿಲಿ ಈ ಸ್ಪ್ರಿಂಗ್ ಮಾಡಿಂಡಿತ್ತಿದ್ದವು. ನಮ್ಮ ಗುಂಡಿ ಮಾರ್ಗ, ನಮ್ಮ ಊರಿನದ್ದೇ ಸ್ಪ್ರಿಂಗು, ನಮ್ಮದೇ ಸೊಂಟ.

ಬಸ್ಸಿನ ಕಿಟಿಕಿಯ ಗ್ಲಾಸಿನ ಗಡಗಡಕ್ಕೆ ಆಗಾಣ ಮದ್ದು ಎಂತರ ಹೇಳಿ ನೆಂಪಿದ್ದಾ? ಬೀಡಿ ಕಟ್ಟಿನ ಕಾಗದವ ನಾಲ್ಕು ಮಡಿಕೆ ಮಾಡಿ ಎಡೆಂಗೆ ಸಿಕ್ಕುಸುದು. ಬೀಡಿ ಕಟ್ಟುವ ಹೆಮ್ಮಕ್ಕೊ ಬ್ರಾಂಚಿಂಗೆ ಹೋಪ ಬಸ್ಸು ಅದು, ಕಾಗದಕ್ಕೆ ಬರ ಇಲ್ಲೆ. ಇಂದಿಂಗೂ ಗಡಗಡಕ್ಕೆ ಅದಕ್ಕಿಂತ ದೊಡ್ಡ ಮದ್ದು ಆರೂ ಕಂಡುಹಿಡುದ್ದವಿಲ್ಲೆ. ಎರಡು ಗಟ್ಟಿ ಸಾಮಾನಿನ ಎಡೆಲಿ ಒಂದು ಮೆಸ್ತಂಗೆ ಸಾಮಾನು, ಅಷ್ಟೆ.

ಮತ್ತೆ ಎಂಬಾಸಿಡರು, ಫಿಯೆಟ್ಟಿನ ಕಾಲ. ಎಂಬಾಸಿಡರು ಕಲ್ಕತ್ತದ ಹತ್ತರೆ ಉತ್ತರಪಾಡಲ್ಲಿ ತಯಾರಪ್ಪದು, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಹೇಳ್ತ ಕಾರಿನ ರೂಪ. ಫಿಯೆಟ್ಟು ಬೊಂಬಾಯಿದು, ಮತ್ತೆ ಅದೇ ಪದ್ಮಿನಿ ಆತು. 1991ರಲ್ಲಿ ಎನ್ನ ಮದುವೆಯ ದಿಬ್ಬಾಣ ಹೋದ್ದು ಬಾಡಿಗೆಯ ಎಂಬಾಸಿಡರಿಲಿ. ಬಾಗಿಲಿನ ಹಿಡ್ಕೊಂಡೇ ಕೂರೆಕ್ಕು, ಇಲ್ಲದ್ರೆ ತಿರ್ಗಾಸಿಲಿ ತೆಗದು ಹೋಕು. "ಈ ಕಾರಿಲಿ ಹಾರ್ನು ಒಂದು ಬಿಟ್ಟು ಬಾಕಿ ಎಲ್ಲದೂ ಶಬ್ದ ಮಾಡ್ತು" ಹೇಳಿ ಸೋದರ ಮಾವ° ತಮಾಷೆ ಮಾಡಿದವು. ಹೊಸ ಮದಿಮ್ಮಾಳಿಂಗೆ ನೆಗೆ ಮಾಡ್ಲೆ ಆಗ, ಎಂತ ಮಾಡುದು, ಸೆರಗು ಬಾಯಿಗೆ ಮಡುಗಿ ಕೂದೆ. ಡ್ರೈವರು ಮಾಂತ್ರ ಜಾಣ°. ಹಳೆ ಸೈಕಲ್ಲಿನ ಟ್ಯೂಬಿನ ಕೊಯಿದು ಬಾಗಿಲಿನ ಕರೆಗೆ, ಬೊನೆಟ್ಟಿನ ಅಡಿಂಗೆ ಎಲ್ಲ ಅಂಟುಸಿತ್ತಿದ್ದ°.

ಆ ಗಾಡಿಗಳಲ್ಲಿ ಒಂದು ಗುಣ ಇತ್ತು. ಎಂಜಿನೇ ಅಷ್ಟು ಬೊಬ್ಬೆ ಹೊಡಕ್ಕೊಂಡು ಇಪ್ಪಗ ಸಣ್ಣ ಕಿರಿಕಿರಿ ಆರಿಂಗೂ ಕೇಳ. ಜೆಂಬ್ರದ ಮನೆಲಿ ಮಗು ಕೂಗಿದ್ದು ಕೇಳದ್ದ ಹಾಂಗೆ.

1983ರ ಡಿಸೆಂಬರ್ 14ಕ್ಕೆ ದೆಹಲಿಲಿ ಇಂದಿರಾಗಾಂಧಿ ಹರ್ಪಾಲ್ ಸಿಂಗ್ ಹೇಳ್ತವಕ್ಕೆ ಸುರುವಾಣ ಮಾರುತಿ 800ರ ಬೀಗದಕೈ ಕೊಟ್ಟವು. ನಮ್ಮ ಹೊಡೆಂಗೆ ಅದು ಎತ್ತುವಗ ನಾಲ್ಕೈದು ವರ್ಷ ಆತು. ಒಂದು ಹೊತ್ತೋಪಗ ನೆಂಟ್ರು ಆ ಕಾರಿಲಿ ಜಾಲಿಂಗೆ ಬಂದು ನಿಂದವು. ಅಜ್ಜಿಗೆ ಗೊಂತೇ ಆಯಿದಿಲ್ಲೆ. "ಬಂದದೇ ಗೊಂತಾಗದ್ದ ಗಾಡಿ ಎಂತಕೆ? ಕಾಪಿಗೆ ನೀರು ಮಡುಗುಲೆ ಪುರುಸೊತ್ತಿಲ್ಲೆ" ಹೇಳಿ ಅಜ್ಜಿಗೆ ಕೋಪ. ಎಂಬಾಸಿಡರು ಆದರೆ ಚಡಾವಿನ ಅಡಿಲಿ ಇಪ್ಪಗಳೇ ಒಲೆಗೆ ಕಿಚ್ಚು ಹಾಕ್ಲಕ್ಕು. ಆ ಎರಡು ಕಾರುಗಳದ್ದುದೆ ತಯಾರಿ ನಿಂದದು ಒಂದೇ ವರ್ಷ, 2014ರಲ್ಲಿ.

ಗಾಡಿಗೊ ಮೆಲ್ಲಂಗೆ ಆದ ಹಾಂಗೆ ಹೊಸ ಉಪದ್ರ ಸುರುವಾತು. ಎಂಜಿನಿನ ಬೊಬ್ಬೆ ಇಳುದತ್ತು, ಡೇಶ್‌ಬೋರ್ಡಿಂಗೆ, ಬಾಗಿಲಿನ ಒಳದಿಕ್ಕೆ ಎಲ್ಲ ಪ್ಲಾಸ್ಟಿಕ್ಕು ಬಂತು. ಪ್ಲಾಸ್ಟಿಕ್ಕು ಬೆಶಿಲಿಂಗೆ ಹಿಗ್ಗುತ್ತು, ಚಳಿಗೆ ಕುಗ್ಗುತ್ತು, ಕ್ಲಿಪ್ಪು ಸಡಿಲ ಆವುತ್ತು. ಮದಲು ಕೇಳದ್ದ ಸಣ್ಣ 'ಟಿಕಿ ಟಿಕಿ' ಈಗ ತಲೆ ಒಳವೇ ಆದ ಹಾಂಗೆ ಕೇಳ್ತು. ಇದು ನಮ್ಮ ಬಡವರ ಕಾರಿನ ಕತೆ ಮಾಂತ್ರ ಅಲ್ಲ. 1958ರಲ್ಲಿ ಡೇವಿಡ್ ಓಗಿಲ್ವಿ ಹೇಳ್ತ ಜಾಹೀರಾತಿನವು ರೋಲ್ಸ್ ರಾಯ್ಸಿಂಗೆ ಒಂದು ಜಾಹೀರಾತು ಬರದವು. ಗಂಟೆಗೆ 60 ಮೈಲು ವೇಗಲ್ಲಿ ಹೋಪಗ ಆ ಕಾರಿಲಿ ಎಲ್ಲದಕ್ಕಿಂತ ದೊಡ್ಡ ಶಬ್ದ ಅದರ ಗಡಿಯಾರದ್ದು ಹೇಳ್ತ ಅರ್ಥದ್ದು. ಕೇಳಿದವು ಹೊಗಳಿದವು. ಎನಗೆ ಮಾಂತ್ರ ಆ ಕಾರಿಲಿ ಕೂದ ಹೆಮ್ಮಕ್ಕಳ ಗ್ರೇಶಿ ಪಾಪ ಕಂಡತ್ತು. ದಾರಿ ಇಡೀ ಟಿಕ್ ಟಿಕ್ ಕೇಳೆಕ್ಕನ್ನೆ!

ಇನ್ನು ಎಂಗಳ ಕಾರಿಂಗೆ ಬತ್ತೆ. ಹತ್ತು ವರ್ಷ ಹಳತ್ತು. ಇವು ನಂಬದ್ದೆ ಇಪ್ಪಗ ಆನೇ ಒಂದು ದಿನ ಕಾರಿನ ಜಾಲಿಲಿ ನಿಲ್ಸಿ ಅಟ್ಟ ಗುಡುಗುವ ಹಾಂಗೆ ಒಂದು ಹೊಡೆಂದ ಖಾಲಿ ಮಾಡಿದೆ. ಡಿಕ್ಕಿಯ ಹಲಗೆ ನೆಗ್ಗಿರೆ ಸ್ಟೆಪ್ನಿಯ ಗುಂಡಿಲಿ ಏಳು ಅಡಕ್ಕೆ! ಪ್ರತಿ ತಿರ್ಗಾಸಿಲಿ 'ಲೊಟ ಲೊಟ' ಹೇಳಿಂಡಿತ್ತಿದ್ದದು ಅದುವೇ. ಜಾಕಿನ ಹಿಡಿ ಸಡಿಲ ಇತ್ತು, ಹಳೆ ಬೈರಾಸಿಲಿ ಸುತ್ತಿ ಕಟ್ಟಿದೆ. ಸೀಟಿನ ಅಡಿಲಿ ಅತ್ತೆಯ ಕಾಣೆ ಆದ ಸ್ಟೀಲಿನ ಕುಂಕುಮದ ಕರಡಿಗೆ. ಅದು ಕಾಣೆ ಆಗಿ ಒಂದು ವರ್ಷ ಆತು, ಕೆಲಸಕ್ಕೆ ಬಪ್ಪ ಹೆಣ್ಣಿನ ಮೇಲೆ ಅತ್ತೆಗೆ ರಜ್ಜ ಸಂಶಯ ಇತ್ತು. ಆ ದಿನ ಅತ್ತೆ ಮಾತಾಡಿದ್ದಿಲ್ಲೆ, ಮರದಿನ ಆ ಹೆಣ್ಣಿಂಗೆ ಎರಡು ದೋಸೆ ಜಾಸ್ತಿ ಬಳುಸಿತ್ತು.

ಹುಡ್ಕುವ ಕ್ರಮ ನಿಂಗೊಗೂ ಉಪಕಾರ ಅಕ್ಕು. ಒಬ್ಬ ಕಾರು ಬಿಡೆಕ್ಕು, ಇನ್ನೊಬ್ಬ ಹಿಂದೆ ಕೂದೊಂಡು ಕೇಳೆಕ್ಕು. ಬಿಡುವವೇ ಕೆಮಿ ಕೊಡ್ಲೆ ಹೆರಟರೆ ಅಪಾಯ. ರೇಡಿಯೋ, ಎ.ಸಿ. ಬಂದು ಮಾಡೆಕ್ಕು. ಒಂದೊಂದೇ ಜಾಗೆಯ ಕೈಲಿ ಒತ್ತಿ ಹಿಡುದು ನೋಡೆಕ್ಕು, ಶಬ್ದ ನಿಂದರೆ ಅದುವೇ ಜಾಗೆ. ಪ್ಲಾಸ್ಟಿಕ್ಕಿನ ಎಡೆಂಗೆ ಫೆಲ್ಟಿನ ತುಂಡು ಸಾಕು. ಬಾಗಿಲಿನ ರಬ್ಬರಿಂಗೆ ತೆಂಗಿನೆಣ್ಣೆ ಹಾಕೆಡಿ, ಧೂಳು ಹಿಡಿತ್ತು, ರಬ್ಬರು ಹಾಳಾವುತ್ತು. ಅದಕ್ಕೆ ಸಿಲಿಕೋನ್ ಸ್ಪ್ರೇ ಸಿಕ್ಕುತ್ತು.

ಅಡಿಂದ ಬಪ್ಪ ಶಬ್ದ ಆದರೆ ಮನೆಮದ್ದು ಆಗ. ಸ್ಟೇರಿಂಗ್ ಪೂರ್ತಿ ತಿರುಗುಸುವಗ 'ಕಟ ಕಟ' ಹೇಳಿರೆ ಎಕ್ಸೆಲಿನ ಜಾಯಿಂಟು ಆದಿಕ್ಕು. ವೇಗ ಏರಿದ ಹಾಂಗೆ 'ಹೂಂ' ಹೇಳಿ ಏರಿರೆ ಚಕ್ರದ ಬೇರಿಂಗು ಆದಿಕ್ಕು. ಗುಂಡಿಗೆ ಬಿದ್ದಪ್ಪಗ 'ದಡ್' ಹೇಳಿರೆ ಬುಶ್ಶೋ, ಶಾಕ್ ಎಬ್ಸಾರ್ಬರೋ ನೋಡ್ಸೆಕ್ಕು. ಇರುಳಿಡೀ ಮಳೆಗೆ ನಿಂದ ಕಾರಿನ ಬ್ರೇಕು ಉದಿಯಪ್ಪಗ ಸುರುವಿಂಗೆ ರಜ್ಜ 'ಕರಕರ' ಹೇಳಿ ನಿಂದರೆ ಹೆದರೆಡಿ, ಡಿಸ್ಕಿನ ಮೇಲಾಣ ತೆಳ್ಪು ತುರ್ಕು ಅದು.

ಡಿಕ್ಕಿ, ಬಾಗಿಲು, ಡೇಶ್‌ಬೋರ್ಡು ಎಲ್ಲ ಸರಿ ಆದ ಮತ್ತೆ ಒಂದು ಶಬ್ದ ಒಳುದತ್ತು. ಎದುರಾಣ ಎಡದ ಹೊಡೆಂದ, ತುಂಬ ಸಪೂರ ಸ್ವರ, 'ಕೀಂ...' ಹೇಳಿ. ಮದಲು ಈ ಎಲ್ಲ ಗಡಗಡದ ಎಡೆಲಿ ಮುಚ್ಚಿ ಹೋಗಿತ್ತು. ಇವಕ್ಕೆ ಆಗಳೂ ಕೇಳಿತ್ತಿಲ್ಲೆ. "ಏಳು ಅಡಕ್ಕೆ ಸಿಕ್ಕಿದ ಮೇಲೆ ನಿನಗೆ ಎಲ್ಲ ಕಡೆ ಅಡಕ್ಕೆಯೇ" ಹೇಳಿದವು. ಎಂಗೊಗೆ ಮರವಾರ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಒಂದು ಜೆಂಬ್ರಕ್ಕೆ ಹೋಪಲೆ ಇತ್ತು, ಅತ್ತೆಯನ್ನೂ ಕರಕ್ಕೊಂಡು. ಆನು ಹಟ ಹಿಡುದೆ. ಗೆರೇಜಿಂಗೆ ತೋರ್ಸದ್ದೆ ಆನು ಕಾರಿಂಗೆ ಹತ್ತೆ ಹೇಳಿದೆ.

ಗೆರೇಜಿನವ° ಸುರುವಿಂಗೆ ಎಂಜಿನಿಂಗೆ ಉದ್ದ ಸ್ಕ್ರೂಡ್ರೈವರು ತಾಗುಸಿ, ಅದರ ಹಿಡಿಯ ಕೆಮಿಗೆ ಮಡುಗಿ ಕೇಳಿದ°. ಡಾಕ್ಟ್ರಕ್ಕಳ ಸ್ಟೆತೊಸ್ಕೋಪು ಹುಟ್ಟಿದ್ದುದೆ ಹೀಂಗೇ. 1816ರಲ್ಲಿ ಪ್ಯಾರಿಸಿಲಿ ಲೆನೆಕ್ ಹೇಳ್ತ ಡಾಕ್ಟ್ರಿಂಗೆ ಒಂದು ಹೆಮ್ಮಕ್ಕಳ ಎದೆಗೆ ಕೆಮಿ ಮಡುಗುಲೆ ದಾಕ್ಷಿಣ್ಯ ಆಗಿ, ಕಾಗದವ ಸುರುಳಿ ಸುತ್ತಿ ಕೇಳಿದವು. (ನಿಂಗೊ ಓಡ್ತ ಎಂಜಿನಿಂಗೆ ಬಗ್ಗೆಡಿ, ಸೆರಗೋ ಜೆಡೆಯೋ ಬೆಲ್ಟಿಂಗೆ ಸಿಕ್ಕುಗು.) ಎಂಜಿನಿಲಿ ಎಂತ ಇಲ್ಲೆ ಹೇಳಿ ಚಕ್ರ ಕಳಚ್ಚಿದ°. ಬ್ರೇಕಿನ ಪ್ಯಾಡು ಸವದು ಕಾಗದದ ಹಾಂಗೆ ಆಯಿದು. "ಅಕ್ಕಾ, ಇದರಲ್ಲಿ ಘಾಟಿ ಇಳಿಯುದು ಬೇಡ ಇತ್ತು. ಇದು ಒಂದು ತಿಂಗಳಿಂದ ಕೂಗಿರ್ಬೇಕು, ಯಾರಿಗೂ ಕೇಳ್ಲಿಲ್ವಾ?" ಹೇಳಿ ಕೇಳಿದ°. ಆನು ಇವರ ಮೋರೆ ನೋಡಿದೆ. ಇವು ನೆಲ ನೋಡಿದವು.

ಅವ° ತೋರ್ಸಿದ ಮೇಲೆ ಎನಗೆ ಗೊಂತಾತು. ಸುಮಾರು ಕಾರಿನ ಪ್ಯಾಡಿಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರ್ತು. ಪ್ಯಾಡು ತೆಳ್ಪಾದಪ್ಪಗ ಅದು ಡಿಸ್ಕಿಂಗೆ ತಾಗಿ ಕೂಗುಲೆ ಹೇಳಿಯೇ ಮಡುಗಿದ್ದು. ಹೇಳಿರೆ ಎತ್ತಿನ ಕೊರಳಿನ ಗಂಟೆಯ ಜಾತಿದು, ಬೇಕಾಗಿ ಮಡುಗಿದ ಶಬ್ದ. ಈಗಾಣ ಕರೆಂಟಿನ ಕಾರುಗಳ ಕತೆಯೂ ಹೀಂಗೇ. ಎಂಜಿನೇ ಇಲ್ಲದ್ದೆ ಮೆಲ್ಲಂಗೆ ಹೋಪಗ ಕೇಳ್ತೇ ಇಲ್ಲೆ. ನೆಡಕ್ಕೊಂಡು ಹೋಪವಕ್ಕೆ, ಕಣ್ಣು ಕಾಣದ್ದವಕ್ಕೆ ಅಪಾಯ ಹೇಳಿ ಯುರೋಪಿಲಿ 2019ರ ಜುಲೈಂದ ಹೊಸ ಮಾದರಿಯ ಕಾರುಗೊಕ್ಕೆ, 2021ರ ಜುಲೈಂದ ಎಲ್ಲ ಹೊಸ ಕಾರುಗೊಕ್ಕೆ, ನಿಧಾನಕ್ಕೆ ಹೋಪಗ ಬೇಕಾಗಿ ಶಬ್ದ ಮಾಡೆಕ್ಕು ಹೇಳಿ ಕಾನೂನು ಬಂತು. ನೂರು ವರ್ಷ ಶಬ್ದ ಕಳವಲೆ ಹೆಣಗಿ, ಅಕೇರಿಗೆ ಪುನಃ ಗಂಟೆ ಕಟ್ಟಿದವು. ಅಜ್ಜಿ ಇತ್ತಿದ್ದರೆ ಕಾಪಿಗೆ ನೀರು ಮಡುಗುತಿತ್ತು.

ಇನ್ನು ಬರವಲೆ ರಜ್ಜ ಕಷ್ಟ ಅಪ್ಪ ವಿಷಯ. ಆ 'ಕೀಂ' ಇವಕ್ಕೆ ನಿಜವಾಗಿಯೂ ಕೇಳಿದ್ದಿಲ್ಲೆ. ಹಟ ಅಲ್ಲ. ಎನ್ನ ಮಾತಿನ ಸಸಾರ ಮಾಡಿದ್ದೂ ಅಲ್ಲ. ಕೊಡೆಯಾಲಕ್ಕೆ ಹೋಗಿ ಕೆಮಿ ಪರೀಕ್ಷೆ ಮಾಡ್ಸಿದೆಯೊ°. ಡಾಕ್ಟ್ರು ಕಾಗದಲ್ಲಿ ಒಂದು ಗೀಟು ತೋರ್ಸಿದವು. ತೋರ ಸ್ವರದ ಹೊಡೆಲಿ ಸಮ ಇಪ್ಪ ಗೀಟು ಸಪೂರ ಸ್ವರದ ಹೊಡೆಂಗೆ ಹೋಪಗ ದರೆಂದ ಜಾರಿದ ಹಾಂಗೆ ಕೆಳ ಇಳುದ್ದು. ಪ್ರಾಯಕ್ಕೂ, ದೊಡ್ಡ ಶಬ್ದದ ಕೆಲಸಕ್ಕೂ ಸುರುವಿಂಗೆ ಹೋಪದು ಸಪೂರ ಸ್ವರಂಗಳೇ ಅಡ. ಹನ್ನೆರಡು ವರ್ಷಂದ ತೋಟಲ್ಲಿ ಹುಲ್ಲು ಹೆರವ ಮಿಶನಿನ ಹೆಗಲಿಂಗೆ ಹಾಕಿ ನೆಡದ್ದವು, ಕೆಮಿಗೆ ಎಂತದೂ ಹಾಕಿದ್ದವಿಲ್ಲೆ. ಎಂಗಳ ಪೈಕಿ ಆರು ಹಾಕುತ್ತವು?

ಬಪ್ಪಗ ಕಾರಿಲಿ ತುಂಬ ಹೊತ್ತು ಮಾತಿಲ್ಲೆ. ಮತ್ತೆ "ಪುಳ್ಳಿ ಫೋನಿಲಿ ಎಂತ ಹೇಳ್ತು ಹೇಳಿ ಎನಗೆ ಅರ್ತ ಆವುತ್ತಿಲ್ಲೆ. ನೆಟ್‌ವರ್ಕು ಸರಿ ಇಲ್ಲೆ ಹೇಳಿ ಗ್ರೇಶಿಂಡಿತ್ತಿದ್ದೆ" ಹೇಳಿದವು. ಎನಗೆ ಕಣ್ಣಿಲಿ ನೀರು ಬಂತು. ಅಡಿಗೊಳಂದ ಆನು ದಿನಿಗೇಳಿರೆ ಓಗೊಡ್ತವಿಲ್ಲೆ ಹೇಳಿ ಎಷ್ಟು ಸರ್ತಿ ಕೋಪ ಮಾಡಿತ್ತಿದ್ದೆ! ಕೂಗಿದ ಗಾಡಿಗೆ ಕೆಮಿ ಕೊಡೆಕ್ಕು ಹೇಳಿ ಎಲ್ಲೋರಿಂಗೂ ಪಾಠ ಹೇಳಿದ ಆನು, ಮನೆಲೇ ಸವದೊಂಡು ಇತ್ತಿದ್ದರ ಕಂಡಿದಿಲ್ಲೆ.

ಕೆಮಿಗೆ ಹಾಕುವ ಮಿಶನಿಂಗೆ ಇವು ಇನ್ನೂ ಪೂರ್ತಿ ಒಪ್ಪಿದ್ದವಿಲ್ಲೆ. "ಅಡಕ್ಕೆ ಕೊಯಿದಾಗಲಿ, ನೋಡುವೊ°" ಹೇಳಿದ್ದವು. ಆದರೆ ಹುಲ್ಲು ಹೆರವಲೆ ಹೋಪಗ ಕೆಮಿ ಮುಚ್ಚುವ ಸಾಮಾನು ಈಗ ಮಿಶನಿನೊಟ್ಟಿಂಗೆ ನೇಲ್ಸಿ ಮಡುಗಿದ್ದೆ. ನಿಂಗಳ ಮನೆಲಿ ಹುಲ್ಲಿನ ಮಿಶನು, ಅಡಕ್ಕೆ ಸೊಲಿವ ಮಿಶನು ಬಳಸುವವು ಇದ್ದರೆ ಇಂದೇ ಅದರ ತರ್ಸಿ. ಅದು ಕಾರಿನ ಒಂದು ಪ್ಯಾಡಿಂದ ಕಡಮ್ಮೆ ಪೈಸೆಗೆ ಸಿಕ್ಕುತ್ತು.

ಈಗ ಕಾರಿಂಗೆ ಹತ್ತಿದ ಕೂಡ್ಲೆ ಇವು ರೇಡಿಯೋ ಬಂದು ಮಾಡ್ತವು. ಪುಂಜಾಲಕಟ್ಟೆ ಕಳುದಪ್ಪಗ ಒಂದರಿ ಮೆಲ್ಲಂಗೆ ಕೇಳ್ತವು: "ಎಂತಾರು ಕೇಳ್ತಾ?"

"ಇಲ್ಲೆ, ಎಂತದೂ ಇಲ್ಲೆ" ಹೇಳ್ತೆ ಆನು. ರಜ್ಜ ಗಟ್ಟಿಲಿ ಹೇಳ್ತೆ.